ಮೊದಲ ಮಡಚು ಚಾಕು ಯಾವುದಿರಬೇಕು: ಒಪಿನೆಲ್, ವಿಕ್ಟೋರಿನಾಕ್ಸ್, ಹಿಗೊನೊಕಾಮಿಗಳ ಹೋಲಿಕೆ

ಮಡಚು ಚಾಕುಗಳ ಹವ್ಯಾಸಕ್ಕೆ ಹೊಸದಾಗಿ ಬರುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅಲಗಿನ ಉಕ್ಕಿನ ಬಗ್ಗೆ. ಪ್ರಶ್ನೆ ಅಸಂಗತವಲ್ಲ, ಆದರೆ ಅದು ಮೊದಲನೆಯ ಪ್ರಶ್ನೆಯೂ ಅಲ್ಲ. ಚಾಕುವನ್ನು ಕೊಂಡು ಹಣ್ಣು ಹೆಚ್ಚುವುದಕ್ಕೋ ಹಗ್ಗ ಕತ್ತರಿಸುವುದಕ್ಕೋ ಇಟ್ಟುಕೊಳ್ಳುವವರಿಗೆ ಉಕ್ಕಿನ ಗುಣ ಮುಖ್ಯವಾಗುತ್ತದೆ. ಚಾಕುಗಳನ್ನು ಕೂಡಿಡಬೇಕು, ಬಿಚ್ಚಿ ತಿದ್ದಬೇಕು, ಮುಂದೆ ಎಂದಾದರೂ ಒಂದನ್ನು ತಾವೇ ಮಾಡಬೇಕು ಎಂದುಕೊಂಡವರಿಗೆ ಅದಕ್ಕಿಂತ ಮುಖ್ಯವಾದದ್ದು ಅಲಗು ಮತ್ತು ಹಿಡಿ ಕೂಡುವ ಕೀಲು. ಅಲಗು ತೆರೆದಾಗ ಅದನ್ನು ನಿಲ್ಲಿಸುವುದು ಯಾವುದು, ಮಡಚಿದಾಗ ಹಿಡಿದಿಡುವುದು ಯಾವುದು, ಆ ಕೀಲನ್ನು ಮನೆಯ ಸಲಕರಣೆಗಳಿಂದ ಬಿಚ್ಚಿ ಮತ್ತೆ ಕೂಡಿಸಲು ಸಾಧ್ಯವೇ ಎಂಬ ಮೂರು ಸಂಗತಿಗಳೇ ಆ ಚಾಕುವಿನಿಂದ ನೀವು ಎಷ್ಟು ಕಲಿಯಬಲ್ಲಿರಿ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ.

ಈ ದೃಷ್ಟಿಯಿಂದ ಇಲ್ಲಿ ಮೂರು ಚಾಕುಗಳನ್ನು ಹೋಲಿಸಲಾಗಿದೆ: ಫ್ರಾನ್ಸಿನ ಸವೊಯ್ ಸೀಮೆಯ ಒಪಿನೆಲ್, ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಮತ್ತು ಜಪಾನಿನ ಹಿಗೊನೊಕಾಮಿ. ಮೂರೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಹದಿನೈದಿಪ್ಪತ್ತು ವರ್ಷಗಳಲ್ಲಿ ರೂಪುಗೊಂಡವು, ಮೂರೂ ಇಂದಿಗೂ ತಯಾರಾಗುತ್ತಿವೆ, ಮೂರರ ಸಾಧಾರಣ ಮಾದರಿಗಳೂ ಹಾಳಾದರೆ ಎದೆ ಒಡೆಯುವಷ್ಟು ದುಬಾರಿಯಲ್ಲ. ಹವ್ಯಾಸಿಗೆ ಈ ಕೊನೆಯ ಗುಣ ಸಣ್ಣದಲ್ಲ, ಏಕೆಂದರೆ ಹಾಳುಮಾಡುವ ಭಯವಿರುವ ಚಾಕುವನ್ನು ಯಾರೂ ಬಿಚ್ಚುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಸಂಗ್ರಹವೇ ಗುರಿಯಾದವರು ವಿಕ್ಟೋರಿನಾಕ್ಸ್‌ನಿಂದ, ತಿದ್ದುವುದರಲ್ಲಿ ಆಸಕ್ತಿಯಿರುವವರು ಒಪಿನೆಲ್‌ನಿಂದ, ಚಾಕು ಮಾಡಲು ಕಲಿಯಬೇಕೆನ್ನುವವರು ಹಿಗೊನೊಕಾಮಿಯಿಂದ ಆರಂಭಿಸುವುದು ಲೇಸು. ಯಾವುದೆಂದು ಇನ್ನೂ ನಿಶ್ಚಯವಾಗದವರು ಒಪಿನೆಲ್‌ನ ಅಳತೆಗಳಲ್ಲಿ 8ನೆಯ ಸಂಖ್ಯೆಯದನ್ನು ಕೊಳ್ಳಬಹುದು.

ಮೂರು ಬಗೆಯ ಕೀಲು

ಒಪಿನೆಲ್ ಚಾಕುವನ್ನು 1890ರಲ್ಲಿ ಕೃಷಿ ಸಲಕರಣೆಗಳನ್ನು ಬಡಿಯುವ ಕುಟುಂಬದ ಯುವಕ ಜೋಸೆಫ್ ಒಪಿನೆಲ್ ರೂಪಿಸಿದ. 1897ರ ಹೊತ್ತಿಗೆ ಅದು 1ರಿಂದ 12ರವರೆಗಿನ ಹನ್ನೆರಡು ಅಳತೆಗಳಲ್ಲಿ ದೊರೆಯುತ್ತಿತ್ತು. ಇದರ ರಚನೆ ಅತ್ಯಂತ ಸರಳ: ಒಂದೇ ಮರದ ತುಂಡಿನಿಂದ ಕಡೆದ ಹಿಡಿ, ಅದರಲ್ಲಿ ಕೊಯ್ದ ಸೀಳು, ಸೀಳಿನಲ್ಲಿ ಕೂರುವ ಅಲಗು, ಹಿಡಿಯ ಕೊರಳಿಗೆ ತೊಡಿಸಿದ ಉಕ್ಕಿನ ಪಟ್ಟಿ, ಇವೆಲ್ಲವನ್ನೂ ಅಡ್ಡಲಾಗಿ ಹಾದುಹೋಗುವ ಒಂದು ರಿವೆಟ್, ಅಂದರೆ ಎರಡೂ ತುದಿ ಬಡಿದು ಹರಡಿದ ಲೋಹದ ಮೊಳೆ. ಸ್ಪ್ರಿಂಗ್ ಇಲ್ಲ. ಮರ ಮತ್ತು ಉಕ್ಕಿನ ನಡುವಿನ ಬಿಗಿಯೇ ಅಲಗನ್ನು ಹಿಡಿದಿಡುತ್ತದೆ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಇದಕ್ಕೆ ತಿರುಗುವ ಬಳೆಯೊಂದನ್ನು ಸೇರಿಸಿದ. ವಿರೋಬ್ಲಾಕ್ ಎಂದು ಕರೆಯುವ ಆ ಬಳೆಯನ್ನು ತಿರುಗಿಸಿದರೆ ತೆರೆದ ಅಲಗು ಮಡಚಿಕೊಳ್ಳದಂತೆ ಬೀಗ ಬೀಳುತ್ತದೆ. 2000ದಿಂದೀಚಿನ ಚಾಕುಗಳಲ್ಲಿ ಮಡಚಿದ ಸ್ಥಿತಿಯಲ್ಲಿಯೂ ಬೀಗ ಹಾಕಬಹುದು.

ವಿಕ್ಟೋರಿನಾಕ್ಸ್‌ನ ಕೀಲು ಸಂಪೂರ್ಣ ಬೇರೆ ಬಗೆಯದು. ಇಲ್ಲಿ ಹಿಡಿಯ ಬೆನ್ನಿನುದ್ದಕ್ಕೂ ಬಿಗಿಯಾದ ಸ್ಪ್ರಿಂಗ್ ಪಟ್ಟಿಯಿದ್ದು, ಅಲಗಿನ ಬುಡದ ಚಪ್ಪಟೆ ಮುಖದ ಮೇಲೆ ಒತ್ತಿಕೊಂಡು ಅದನ್ನು ತೆರೆದ ಮತ್ತು ಮಡಚಿದ ಎರಡೂ ಸ್ಥಿತಿಗಳಲ್ಲಿ ನಿಲ್ಲಿಸುತ್ತದೆ. ಇಂಥ ಸಾಮಾನ್ಯ ಮಾದರಿಗಳಲ್ಲಿ ಬೀಗವಿಲ್ಲ, ಆದರೆ ಅಲಗು ತಾನಾಗಿ ಜಾರುವುದೂ ಇಲ್ಲ. ಈ ಕಂಪನಿಯ ಸ್ಥಾಪಕ ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಖ್ ಎಂಬ ಊರಿನಲ್ಲಿ ತನ್ನ ಕಾರ್ಯಾಗಾರ ತೆರೆದ. 1897ರಲ್ಲಿ ನೋಂದಾಯಿಸಿದ ಸೇನಾಧಿಕಾರಿಗಳ ಚಾಕುವಿನಲ್ಲಿ ಆತ ತೋರಿದ ಜಾಣ್ಮೆಯೆಂದರೆ, ಒಂದೇ ಸ್ಪ್ರಿಂಗ್‌ನಿಂದ ಹಿಡಿಯ ಎರಡೂ ಬದಿಯ ಉಪಕರಣಗಳನ್ನು ನಿಲ್ಲಿಸಿದ್ದು. ಹಾಗಾಗಿಯೇ ಚಾಕು ದಪ್ಪವಾಗದೆ ಹೆಚ್ಚು ಉಪಕರಣಗಳನ್ನು ಹೊರುವಂತಾಯಿತು. ಇಂದಿಗೂ 91 ಮಿಲಿಮೀಟರ್ ಉದ್ದದ ಸ್ಪಾರ್ಟನ್‌ನಂಥ ಮಾದರಿಗಳಲ್ಲಿ ಇದೇ ತತ್ತ್ವವಿದೆ.

ಹಿಗೊನೊಕಾಮಿ ಇವೆರಡಕ್ಕಿಂತಲೂ ಸರಳ. ಹ್ಯೋಗೊ ಪ್ರಾಂತ್ಯದ ಮಿಕಿ ಪಟ್ಟಣದಲ್ಲಿ 1890ರ ದಶಕದಲ್ಲಿ ರೂಪುಗೊಂಡ ಈ ಚಾಕುವಿನ ಹಿಡಿ ಎಂದರೆ ಉದ್ದಕ್ಕೆ ಮಡಚಿದ ಒಂದು ಹಿತ್ತಾಳೆ ಅಥವಾ ಕಬ್ಬಿಣದ ತಗಡು, ಅಷ್ಟೆ. ಅಲಗಿನ ಬುಡ ಚಿಕ್ಕ ಬಾಲದಂತೆ ಹಿಡಿಯ ಹೊರಗೆ ಚಾಚಿಕೊಂಡಿರುತ್ತದೆ. ಜಪಾನಿಯರು ಚಿಕಿರಿ ಎನ್ನುವ ಈ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಅಲಗನ್ನು ತೆರೆಯುತ್ತಾರೆ, ಕೆಲಸ ಮಾಡುವಾಗ ಅದೇ ಹೆಬ್ಬೆರಳಿನಿಂದ ಅದನ್ನು ಅದುಮಿ ಹಿಡಿಯುತ್ತಾರೆ. ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ. ನಿಮ್ಮ ಹೆಬ್ಬೆರಳೇ ಬೀಗ. ಒಂದು ಕಾಲಕ್ಕೆ ಜಪಾನಿನ ಶಾಲಾಮಕ್ಕಳು ಪೆನ್ಸಿಲ್ ಹೆರೆಯಲು ಇದನ್ನೇ ಬಳಸುತ್ತಿದ್ದರು. 1960ರಲ್ಲಿ ರಾಜಕಾರಣಿ ಇನೆಜಿರೊ ಅಸನುಮ ಅವರ ಹತ್ಯೆ ನಡೆದ ಮೇಲೆ ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿ ಬಲಗೊಂಡು ಇದರ ಮಾರಾಟ ಕುಸಿಯಿತು. ಹತ್ಯೆಗೆ ಬಳಸಿದ್ದು ಚಿಕ್ಕ ಖಡ್ಗವೇ ಹೊರತು ಈ ಚಾಕುವಲ್ಲ, ಆದರೂ ಪೆಟ್ಟು ಬಿದ್ದದ್ದು ಇದಕ್ಕೆ.

ಸುರಕ್ಷತೆಯ ದೃಷ್ಟಿಯಿಂದ ಒಂದು ಮಾತು ಇಲ್ಲಿಯೇ ಹೇಳಬೇಕು. ಗಟ್ಟಿಮರ ಕೆತ್ತುವುದು, ಚುಚ್ಚಿ ತೂತು ಮಾಡುವುದು ಮುಂತಾದ ಕೆಲಸಗಳಲ್ಲಿ ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದು ಅದು ಬೆರಳುಗಳ ಮೇಲೆಯೇ ಮಡಚಿಕೊಳ್ಳುವ ಅಪಾಯವಿದೆ. ಮೂರರಲ್ಲಿ ಒಪಿನೆಲ್‌ನ ಬಳೆಯೊಂದೇ ಇದನ್ನು ತಡೆಯುತ್ತದೆ. ವಿಕ್ಟೋರಿನಾಕ್ಸ್‌ನ ಸ್ಪ್ರಿಂಗ್ ಎಚ್ಚರಿಕೆ ಕೊಡುತ್ತದೆ, ತಡೆಯುವುದಿಲ್ಲ. ಹಿಗೊನೊಕಾಮಿಯಲ್ಲಿ ಹೆಬ್ಬೆರಳು ಚಿಕಿರಿಯ ಮೇಲಿಲ್ಲದಿದ್ದರೆ ಯಾವ ರಕ್ಷಣೆಯೂ ಇಲ್ಲ. ಮಕ್ಕಳೊಂದಿಗೆ ಕೆತ್ತನೆ ಕಲಿಯುವ ಉದ್ದೇಶವಿದ್ದರೆ ಇದೊಂದೇ ಕಾರಣಕ್ಕೆ ಆಯ್ಕೆ ಮುಗಿದಂತೆ.

ಕೂಡಿಡುವವರಿಗೆ

ಸಂಗ್ರಹಕ್ಕೆ ಬೇಕಾದದ್ದು ವೈವಿಧ್ಯವಲ್ಲ, ಓದಬಲ್ಲ ವೈವಿಧ್ಯ. ಒಂದು ಚಾಕು ಯಾವ ಕಾಲದ್ದು, ಯಾವ ತಯಾರಕರದ್ದು ಎಂಬುದನ್ನು ಅದರ ಮೈಮೇಲಿನ ಗುರುತುಗಳಿಂದಲೇ ಹೇಳಲು ಸಾಧ್ಯವಾದಾಗ ಮಾತ್ರ ಸಂಗ್ರಹಕ್ಕೆ ಕ್ರಮ ಬರುತ್ತದೆ. ಈ ವಿಷಯದಲ್ಲಿ ಸ್ವಿಸ್ ಸೈನಿಕರ ಚಾಕುವಿಗೆ ಸಮನಾದದ್ದು ಕಡಿಮೆ. ಮೊದಲ ಸರಬರಾಜು ಜರ್ಮನಿಯ ಸೋಲಿಂಗೆನ್‌ನಿಂದ ಬಂದಿತ್ತು. ಎಲ್ಸೆನರ್ 1891ರಿಂದ ಅದನ್ನು ಒದಗಿಸತೊಡಗಿದ. ಕಪ್ಪು ಮರದ ಹಿಡಿಯ ಆ ಮೊದಲ ಮಾದರಿ, 1908ರದ್ದು, 1951ರದ್ದು, ಏಣುಗಳಿರುವ ಅಲ್ಯೂಮಿನಿಯಂ ಹಿಡಿಯ 1961ರದ್ದು, ಒಂದೇ ಕೈಯಿಂದ ತೆರೆದು ಬೀಗ ಹಾಕಬಲ್ಲ 2008ರದ್ದು ಎಂಬ ಮೆಟ್ಟಿಲುಗಳು ಸ್ಪಷ್ಟವಾಗಿವೆ. 1961ರ ಮಾದರಿಯಲ್ಲಿ ಅಲಗಿನ ಬುಡದಲ್ಲಿ ತಯಾರಿಕೆಯ ವರ್ಷದ ಕೊನೆಯ ಎರಡು ಅಂಕಿಗಳನ್ನು ಒತ್ತಿರುತ್ತಾರೆ. ಹುಟ್ಟಿದ ವರ್ಷದ ಚಾಕುವನ್ನು ಹುಡುಕುವುದು ಈ ಹವ್ಯಾಸದಲ್ಲಿ ಬಹಳ ಮಂದಿಯ ಮೊದಲ ಬೇಟೆ. ಸೈನ್ಯಕ್ಕೆ ವೆಂಗರ್ ಎಂಬ ಇನ್ನೊಂದು ಕಂಪನಿಯೂ ದಶಕಗಳ ಕಾಲ ಚಾಕು ಒದಗಿಸಿತು. 2005ರಲ್ಲಿ ವಿಕ್ಟೋರಿನಾಕ್ಸ್ ಅದನ್ನು ಕೊಂಡುಕೊಂಡಿತು. ಆದ್ದರಿಂದ ಒಂದೇ ವರ್ಷದ್ದು ಎರಡು ತಯಾರಕರದ್ದಿರಬಹುದು, ಜೋಡಿಯಾಗಿ ಕೂಡಿಸುವವರೂ ಇದ್ದಾರೆ.

ಒಪಿನೆಲ್‌ನಲ್ಲಿ ಸಂಗ್ರಹದ ಆಕರ್ಷಣೆ ಅಳತೆಗಳದ್ದು. 1 ಮತ್ತು 11ನೆಯ ಸಂಖ್ಯೆಗಳ ತಯಾರಿಕೆ 1930ರ ದಶಕದಲ್ಲಿಯೇ ನಿಂತುಹೋಯಿತು, ಹೀಗಾಗಿ ಇಂದು ಅಂಗಡಿಯಲ್ಲಿ ದೊರೆಯುವ ಸಾಲು ಪೂರ್ಣವಲ್ಲ. ಹಳೆಯ ಚಾಕು ಕೊಳ್ಳುವವರು ಒಂದು ವಿಷಯದಲ್ಲಿ ಮೋಸಹೋಗಬಾರದು: ಬೀಗದ ಬಳೆ ಇಲ್ಲವೆಂದ ಮಾತ್ರಕ್ಕೆ ಚಾಕು 1955ಕ್ಕಿಂತ ಹಿಂದಿನದು ಎಂದಾಗುವುದಿಲ್ಲ, ಏಕೆಂದರೆ 2ರಿಂದ 5ರವರೆಗಿನ ಚಿಕ್ಕ ಅಳತೆಗಳಿಗೆ ಇಂದಿಗೂ ಬಳೆಯಿಲ್ಲ. ಬಳೆಯಿಲ್ಲದ 8 ಅಥವಾ 10ನೆಯ ಸಂಖ್ಯೆ ಸಿಕ್ಕಿದರೆ ಮಾತ್ರ ಕಿವಿ ನಿಮಿರಿಸಬೇಕು. ಅಲಗಿನ ಮೇಲಿನ ಕಿರೀಟ ತೊಟ್ಟ ಹಸ್ತದ ಮುದ್ರೆ 1909ರಿಂದ ಇದೆ.

ಹಿಗೊನೊಕಾಮಿಯಲ್ಲಿ ಹಿಂದೆ ಮಿಕಿಯ ಹಲವಾರು ಕಮ್ಮಾರರು ಒಂದು ಸಂಘದ ಮೂಲಕ ಈ ಹೆಸರನ್ನು ಬಳಸುತ್ತಿದ್ದರು. ಇಂದು ಅದನ್ನು ಬಳಸುವ ಹಕ್ಕು ಉಳಿದಿರುವುದು ನಗಾವೊ ಕಾನೆಕೊಮ ಕಾರ್ಯಾಗಾರಕ್ಕೆ ಮಾತ್ರ. ಹಿಡಿಯ ತಗಡಿನ ಮೇಲೆ ಒತ್ತಿದ ಅಕ್ಷರಗಳಲ್ಲಿ ತಯಾರಕರ ಹೆಸರೂ ಉಕ್ಕಿನ ಬಗೆಯೂ ಇರುತ್ತದೆ. ಜಪಾನಿ ಲಿಪಿ ಓದಲು ಬಾರದವರಿಗೆ ಇದು ಆರಂಭದಲ್ಲಿ ತೊಡಕು, ಆದರೆ ಕೆಲವೇ ಮುದ್ರೆಗಳನ್ನು ಕಣ್ಣಿಗೆ ಹಿಡಿದುಕೊಂಡರೆ ಸಾಕಾಗುತ್ತದೆ.

ನಮ್ಮ ದೇಶದ ರಾಮ್‌ಪುರಿ ಚಾಕುವನ್ನು ಇಲ್ಲಿ ಸೇರಿಸದಿರುವುದಕ್ಕೆ ಕಾರಣ ಅದರ ಬಗ್ಗೆ ಅನಾದರವಲ್ಲ. ಉತ್ತರಪ್ರದೇಶದ ರಾಮ್‌ಪುರದ ಆ ಕಸುಬು ತನ್ನದೇ ಲೇಖನಕ್ಕೆ ಅರ್ಹ. ಆದರೆ ಅದರ ಉದ್ದವಾದ ಅಲಗೂ ಅದಕ್ಕೆ ಅಂಟಿಕೊಂಡ ಅಪಖ್ಯಾತಿಯೂ ಸೇರಿ ಮೊದಲ ಚಾಕುವಾಗಿ ಅದನ್ನು ಸೂಚಿಸಲು ಮನಸ್ಸು ಬರುವುದಿಲ್ಲ. ಫ್ರಾನ್ಸಿನ ಲಾಗಿಯೋಲ್ ಕೂಡ ಸುಂದರವಾದ ಚಾಕು, ಆದರೆ ಆ ಹೆಸರಿನಲ್ಲಿ ಎಲ್ಲೆಲ್ಲಿಯೋ ತಯಾರಾದ ಅಗ್ಗದ ಸರಕು ವಿಪರೀತವಾಗಿ ಓಡಾಡುತ್ತದೆ. ಕಣ್ಣು ಪಳಗಿದ ಮೇಲೆ ಕೊಳ್ಳುವುದು ಕ್ಷೇಮ.

ಹಳೆಯ ಚಾಕು ಕೈಗೆ ಬಂದಾಗ ಅದನ್ನು ತಿಕ್ಕಿ ಫಳಫಳ ಹೊಳೆಸುವ ಆಸೆಯನ್ನು ತಡೆದುಕೊಳ್ಳಬೇಕು. ಕೆಂಪು ತುಕ್ಕನ್ನು ಎಣ್ಣೆ ಹಾಕಿ ನಯವಾಗಿ ತೆಗೆಯಬಹುದು. ವರ್ಷಗಳಿಂದ ಕೂತ ಬೂದು ಕಪ್ಪು ಬಣ್ಣವನ್ನು ಹಾಗೆಯೇ ಬಿಡಬೇಕು. ಯಂತ್ರದ ಮೇಲೆ ಹೊಳಪು ಕೊಟ್ಟ ಅಲಗಿನಲ್ಲಿ ಮುದ್ರೆಗಳ ಅಂಚು ಅಳಿಸಿಹೋಗುತ್ತದೆ, ಅದರೊಂದಿಗೆ ಬೆಲೆಯೂ ಇಳಿಯುತ್ತದೆ. ಹಿಡಿಯ ವಸ್ತುವಿನ ಬಗ್ಗೆಯೂ ಎಚ್ಚರ ಬೇಕು. ಇಂಗ್ಲೆಂಡಿನ ಶೆಫೀಲ್ಡ್‌ನ ಅನೇಕ ಹಳೆಯ ಚಾಕುಗಳ ಹಿಡಿ ಭಾರತದ ಕಡವೆಯ ಕೊಂಬಿನದು. ಭಾರತದಲ್ಲಿ ಕಡವೆ, ಜಿಂಕೆಗಳ ಕೊಂಬಿನ ವ್ಯಾಪಾರ, ದಂತದ ವ್ಯಾಪಾರದಂತೆಯೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷಿದ್ಧ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬಲ್ಲವೇ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ತಿದ್ದುವವರಿಗೆ

ಈ ವಿಭಾಗದಲ್ಲಿ ಒಪಿನೆಲ್‌ಗೆ ಪ್ರತಿಸ್ಪರ್ಧಿಯಿಲ್ಲ ಎಂದೇ ನನ್ನ ಎಣಿಕೆ. ಇರುವುದು ಐದೇ ಭಾಗ, ಆ ಐದರಲ್ಲಿ ಯಾವುದನ್ನು ಮುಟ್ಟಿದರೂ ಏನಾದರೊಂದು ಕಲಿಕೆಯಿದೆ. ಬಿಚ್ಚುವ ಕ್ರಮ ಹೀಗೆ: ಹೊರಗಿನ ಬಳೆಯ ಸೀಳನ್ನು ಸರ್ಕ್ಲಿಪ್ ಇಕ್ಕಳದಿಂದ ತುಸುವೇ ಅಗಲಿಸಿ ಅದನ್ನು ಜಾರಿಸಿ ತೆಗೆಯುವುದು, ಬಳಿಕ ರಿವೆಟ್‌ನ ಒಂದು ತಲೆಯನ್ನು ಸಣ್ಣ ಅರದಿಂದ ಉಜ್ಜಿ ತೆಗೆದು, ಪಂಚ್ ಇಟ್ಟು ಮೆಲ್ಲನೆ ತಟ್ಟಿ ಹೊರಡಿಸುವುದು. ಬಳೆಯನ್ನು ಅತಿಯಾಗಿ ಅಗಲಿಸಿದರೆ ಅದು ಮತ್ತೆ ಬಿಗಿಯಾಗಿ ಕೂರುವುದಿಲ್ಲ. ಕೂಡಿಸುವಾಗ ಹೊಸ ರಿವೆಟ್ ಬೇಕು; ಅದೇ ದಪ್ಪದ ಮೆದು ಉಕ್ಕಿನ ಅಥವಾ ಹಿತ್ತಾಳೆಯ ಸರಳಿನ ತುಂಡು ಸಾಕು.

ಬಿಚ್ಚದೆಯೇ ಮಾಡಬಹುದಾದದ್ದೂ ಬಹಳವಿದೆ. ಬೀಚ್ ಮರದ ಹಿಡಿಯ ಮೇಲಿನ ವಾರ್ನಿಷ್ ಅನ್ನು ಮರಳು ಕಾಗದದಿಂದ ತೆಗೆದು, ಹಿಡಿಯನ್ನು ನಿಮ್ಮ ಅಂಗೈಗೆ ಹೊಂದುವಂತೆ ಹೆರೆದು, ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಸಲ ಉಣಿಸುವುದು ಸಾಮಾನ್ಯವಾದ ಮೊದಲ ಕೆಲಸ. ಕಾರ್ಬನ್ ಉಕ್ಕಿನ ಅಲಗಾದರೆ ಅದನ್ನು ಚೆನ್ನಾಗಿ ಜಿಡ್ಡು ತೆಗೆದು ವಿನೆಗರ್‌ನಲ್ಲಿ ಅದ್ದಿ ಕಪ್ಪು ಬಣ್ಣ ಬರಿಸಬಹುದು; ಹೀಗೆ ಕೂತ ಪದರ ಕೆಂಪು ತುಕ್ಕಿನ ವೇಗವನ್ನು ಸ್ವಲ್ಪ ತಗ್ಗಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಹಿಡಿಯನ್ನು ಪೂರ್ತಿ ಬದಲಿಸುವವರು ಮರಗೆಲಸದವರಲ್ಲಿ ಉಳಿಯುವ ಬೀಟೆ, ತೇಗ, ಹಲಸಿನ ತುಂಡುಗಳನ್ನು ಕೇಳಿ ಪಡೆಯಬಹುದು. ಬೀಟೆಯ ಧೂಳು ಕೆಲವರಿಗೆ ಚರ್ಮಕ್ಕೂ ಶ್ವಾಸಕ್ಕೂ ಆಗುವುದಿಲ್ಲ, ಮುಖಗವಸು ಕಡ್ಡಾಯ. ಬೀಟೆ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟ ಮರವಾದ್ದರಿಂದ ಅದರ ಹಿಡಿಯ ಚಾಕುವನ್ನು ಹೊರದೇಶದ ಗೆಳೆಯರಿಗೆ ಮಾರಿ ಕಳುಹಿಸುವ ಮೊದಲು ನಿಯಮ ವಿಚಾರಿಸಬೇಕು.

ಒಪಿನೆಲ್‌ನ ನಿಜವಾದ ದೋಷವೂ ಇದೇ ಮರದಲ್ಲಿದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಹಿಡಿ ತೇವ ಹೀರಿ ಉಬ್ಬಿ ಅಲಗು ಸೀಳಿನಲ್ಲಿ ಕಚ್ಚಿಕೊಳ್ಳುತ್ತದೆ. ಸವೊಯ್‌ನವರ ಹಳೆಯ ಉಪಾಯವೆಂದರೆ ಬೀಗ ತೆಗೆದು ಹಿಡಿಯ ತುದಿಯನ್ನು ಮೇಜಿನ ಮೇಲೆ ಕುಟ್ಟುವುದು. ಆ ಪೆಟ್ಟಿಗೆ ಅಲಗು ಬೆರಳಿಗೆ ಸಿಗುವಷ್ಟು ಹೊರಬರುತ್ತದೆ. ಹವ್ಯಾಸಿಯಾದವನು ಅಷ್ಟಕ್ಕೆ ತೃಪ್ತನಾಗಬೇಕಿಲ್ಲ. ಸೀಳಿನ ಒಳಗೋಡೆಗಳನ್ನು ತೆಳ್ಳನೆಯ ಪಟ್ಟಿಗೆ ಸುತ್ತಿದ ಮರಳು ಕಾಗದದಿಂದ ಚೂರೇ ಚೂರು ಉಜ್ಜಿ, ಒಳಭಾಗಕ್ಕೂ ಎಣ್ಣೆ ಉಣಿಸಿದರೆ ತೊಂದರೆ ಬಹುಪಾಲು ನೀಗುತ್ತದೆ. ಆದರೆ ಈ ಕೆಲಸವನ್ನು ಮಳೆಗಾಲ ಕಳೆದ ಮೇಲೆ ಮಾಡಬೇಕು. ಮರ ಉಬ್ಬಿರುವಾಗ ಉಜ್ಜಿದರೆ ಬೇಸಿಗೆಯಲ್ಲಿ ಅಲಗು ಸಡಿಲವಾಗಿ ಲೊಟಗುಟ್ಟುತ್ತದೆ. ಕಲಬುರಗಿ, ಬಳ್ಳಾರಿಗಳಂಥ ಒಣಹವೆಯ ಊರಿನವರಿಗೆ ಈ ಕಾಟವೇ ಅಷ್ಟಿಲ್ಲ. ಅವರಿಗೆ ಮರ ಒಣಗಿ ಕೀಲು ಸಡಿಲವಾಗುವುದೇ ಹೆಚ್ಚು.

ವಿಕ್ಟೋರಿನಾಕ್ಸ್‌ನ 91 ಮಿಲಿಮೀಟರ್ ಮಾದರಿಗಳಲ್ಲಿ ಪ್ಲಾಸ್ಟಿಕ್ ಹೊದಿಕೆಗಳನ್ನು ಬದಲಿಸುವುದು ಸುಲಭ. ಅವು ಒಳಗಿನ ಹಿತ್ತಾಳೆ ರಿವೆಟ್‌ಗಳ ತಲೆಗೆ ಒತ್ತಿ ಕೂರಿಸಿದಂಥವು. ಕೂದಲು ಒಣಗಿಸುವ ಯಂತ್ರದಿಂದ ತುಸು ಬೆಚ್ಚಗೆ ಮಾಡಿ, ತೆಳ್ಳನೆಯ ಅಲಗನ್ನು ತೂರಿಸಿ ಮೀಟಿದರೆ ಬಿಡುತ್ತವೆ. ಅಲ್ಲಿ ಮರದ, ಹಿತ್ತಾಳೆಯ, ಟೈಟಾನಿಯಂನ ಹೊದಿಕೆ ಕೂರಿಸಬಹುದು. ಅದಕ್ಕಿಂತ ಒಳಹೊಕ್ಕು ಒಂದು ಪದರ ಸೇರಿಸುವುದು, ಗರಗಸದ ಬದಲು ಕತ್ತರಿ ಹಾಕುವುದು ಮುಂತಾದ ಕೆಲಸಕ್ಕೆ ರಿವೆಟ್‌ಗಳನ್ನೆಲ್ಲ ತೆಗೆದು, ಬಿಗಿದ ಸ್ಪ್ರಿಂಗ್‌ಗಳನ್ನು ಅದುಮಿ ಹಿಡಿದುಕೊಂಡೇ ಮತ್ತೆ ಜೋಡಿಸಬೇಕು. ಮೊದಲ ವರ್ಷದ ಕೆಲಸವಲ್ಲ. ಅಲ್ಯೂಮಿನಿಯಂ ಹಿಡಿಯ ಪಯೋನಿಯರ್, ಕೆಡೆಟ್ ಮಾದರಿಗಳಲ್ಲಿ ರಿವೆಟ್ ಹಿಡಿಯ ಮೇಲೆಯೇ ಬಡಿದು ಹರಡಿರುವುದರಿಂದ ಹೊದಿಕೆ ಬದಲಿಸುವುದೂ ಸುಲಭವಲ್ಲ.

ಹಿಗೊನೊಕಾಮಿಯಲ್ಲಿ ತಿದ್ದಲು ಇರುವುದು ಕಡಿಮೆ. ಕೀಲು ಸಡಿಲವಾದರೆ ರಿವೆಟ್ ಅನ್ನು ಗಟ್ಟಿಯಾದ ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಹಗುರವಾಗಿ ತಟ್ಟುವುದು, ಬಿಗಿಯಾದರೆ ಹಿಡಿಯ ಗೋಡೆಗಳನ್ನು ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟು ಅಗಲಿಸುವುದು. ಆದರೆ ಸಾಣೆ ಹಿಡಿಯುವುದನ್ನು ಕಲಿಯಲು ಇದರಷ್ಟು ಒಳ್ಳೆಯ ಚಾಕು ಇನ್ನೊಂದಿಲ್ಲ. ಅಲಗಿನ ಇಳಿಜಾರು ಅಗಲವಾಗಿ, ಸಮತಟ್ಟಾಗಿ ಬಾಯಿಯವರೆಗೂ ಇಳಿಯುವುದರಿಂದ ಅದನ್ನೇ ಕಲ್ಲಿನ ಮೇಲೆ ಮಲಗಿಸಿ ಮಸೆದರೆ ಕೋನ ತಾನಾಗಿ ಸಿಗುತ್ತದೆ. ಉಳಿದೆರಡರಲ್ಲಿ 15ರಿಂದ 20 ಡಿಗ್ರಿಯ ಕೋನವನ್ನು ಕೈಯಂದಾಜಿನಲ್ಲಿಯೇ ಕಾಯ್ದುಕೊಳ್ಳಬೇಕು.

ಉಕ್ಕಿನ ಮಾತು

ಈಗ ಆ ಎರಡನೆಯ ಪ್ರಶ್ನೆಗೆ ಬರಬಹುದು. ಒಪಿನೆಲ್‌ನಲ್ಲಿ ಸುಮಾರು 0.9 ಶೇಕಡಾ ಇಂಗಾಲವಿರುವ ಕಾರ್ಬನ್ ಉಕ್ಕು ಅಥವಾ 12ಸಿ27 ಎಂಬ ಸ್ವೀಡನ್ನಿನ ತುಕ್ಕುನಿರೋಧಕ ಉಕ್ಕು ಎರಡರಲ್ಲೊಂದನ್ನು ಆರಿಸಬಹುದು. ವಿಕ್ಟೋರಿನಾಕ್ಸ್ ತುಕ್ಕುನಿರೋಧಕವೇ, ರಾಕ್‌ವೆಲ್ ಅಳತೆಯಲ್ಲಿ 56ರ ಸುಮಾರಿನ ಗಡಸುತನವಿರುವುದರಿಂದ ಬಾಯಿ ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಮತ್ತೆ ಹರಿತವಾಗುತ್ತದೆ. ಹಿಗೊನೊಕಾಮಿಯ ಉತ್ತಮ ಮಾದರಿಗಳಲ್ಲಿ ಅವೊಗಾಮಿ ಎಂಬ, ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಬೆರೆಸಿದ ಗಡಸು ಉಕ್ಕನ್ನು ಮೆದು ಕಬ್ಬಿಣದ ನಡುವೆ ಬೆಸೆದಿರುತ್ತಾರೆ. ಹರಿತ ಮೂರರಲ್ಲಿಯೂ ಮಿಗಿಲು, ತುಕ್ಕಿನ ಭಯವೂ ಮೂರರಲ್ಲಿ ಮಿಗಿಲು. ನಿಂಬೆ, ಮಾವಿನಕಾಯಿ, ಹುಣಸೆಗಳನ್ನು ಮುಟ್ಟಿಸಿದ ಕಾರ್ಬನ್ ಅಲಗನ್ನು ಆಗಲೇ ಒರೆಸದಿದ್ದರೆ ಕಪ್ಪಾಗುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿದ್ದು ಒರೆಸಿ ಎಣ್ಣೆ ಸವರುವ ಶಿಸ್ತು ತಮ್ಮಿಂದಾಗದು ಎನ್ನುವವರು ತುಕ್ಕುನಿರೋಧಕವನ್ನೇ ಕೊಳ್ಳಲಿ, ಅದರಲ್ಲಿ ಯಾವ ಅವಮಾನವೂ ಇಲ್ಲ.

ಮಾಡುವವರಿಗೆ

ಚಾಕು ಮಾಡಲು ಹೊರಟವರ ಮುಂದಿರುವ ಆಯ್ಕೆಯೂ ಕೊನೆಗೆ ಕೀಲಿನದೇ. ಸ್ಪ್ರಿಂಗ್ ಇಲ್ಲದ ಹಿಗೊನೊಕಾಮಿ ಮಾದರಿಯದು ಮೊದಲು, ಬೆನ್ನ ಸ್ಪ್ರಿಂಗ್‌ನದು ಎರಡನೆಯದು, ಬೀಗದ ಚಾಕು ಕೊನೆಯದು ಎಂಬ ಕ್ರಮವನ್ನು ಮೀರದಿರುವುದು ಒಳ್ಳೆಯದು. ಒಪಿನೆಲ್ ನೋಡಲು ಸರಳವಾದರೂ ಅದರ ಇಳಿಜಾರಾದ ಕೊರಳಪಟ್ಟಿಯನ್ನೂ ಬಳೆಯನ್ನೂ ಮನೆಯಲ್ಲಿ ಮಾಡುವುದು ಕಷ್ಟ. ಅದನ್ನು ತಿದ್ದುವುದಕ್ಕೆ ಇಟ್ಟುಕೊಳ್ಳಬೇಕು.

ಬೆನ್ನ ಸ್ಪ್ರಿಂಗ್‌ನ ಚಾಕು ಏಕೆ ಕಷ್ಟ ಎಂಬುದನ್ನು ವಿಕ್ಟೋರಿನಾಕ್ಸ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಅಲಗು ಪೂರ್ತಿ ತೆರೆದಾಗಲೂ ಪೂರ್ತಿ ಮಡಚಿದಾಗಲೂ ಸ್ಪ್ರಿಂಗ್‌ನ ಬೆನ್ನು ಹಿಡಿಯ ಬೆನ್ನಿಗೆ ಸಮವಾಗಿ ನಿಲ್ಲಬೇಕು. ಅಲಗಿನ ಬುಡದ ಎರಡು ಮುಖಗಳೂ ಕೀಲಿನ ರಂಧ್ರದಿಂದ ಕರಾರುವಾಕ್ಕಾಗಿ ಒಂದೇ ದೂರದಲ್ಲಿರಬೇಕು; ನಡುವೆ ಅರ್ಧ ತೆರೆದಾಗಲೂ ನಿಲ್ಲುವಂತೆ ಮಾಡುವುದಾದರೆ ಮೂರನೆಯ ಮುಖವೂ ಬೇಕು. ಒಂದು ಮುಖವನ್ನು ಅರದಿಂದ ಎರಡು ಸಲ ಹೆಚ್ಚು ಉಜ್ಜಿದರೆ ಬೆರಳಿಗೆ ತಿಳಿಯುವಷ್ಟು ವ್ಯತ್ಯಾಸ ಬರುತ್ತದೆ, ಉಜ್ಜಿದ್ದನ್ನು ಮರಳಿ ಸೇರಿಸಲಾಗದು. ಅಲಗಿಗೂ ಸ್ಪ್ರಿಂಗ್‌ಗೂ ಬೇರೆ ಬೇರೆ ಹದ ಬೇಕೆಂಬುದು ಇನ್ನೊಂದು ತೊಡಕು: ಸ್ಪ್ರಿಂಗ್ ನೀಲಿ ಬಣ್ಣ ಬರುವಷ್ಟು, ಅಂದರೆ 300 ಡಿಗ್ರಿಯ ಆಸುಪಾಸಿನಲ್ಲಿ ಮೆದುವಾಗದಿದ್ದರೆ ಮುರಿಯುತ್ತದೆ.

ಸ್ಪ್ರಿಂಗ್ ಇಲ್ಲದ ಚಾಕುವಿನಲ್ಲಿ ಈ ಲೆಕ್ಕಾಚಾರಗಳಿಲ್ಲ. ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪದ ಅಲಗು, ಎರಡು ಪಕ್ಕದ ತಗಡುಗಳು, ಅವುಗಳ ನಡುವೆ ಬೆನ್ನಿಗೊಂದು ಪಟ್ಟಿ, ಕೀಲಿಗೆ ಮೂರು ಅಥವಾ ನಾಲ್ಕು ಮಿಲಿಮೀಟರ್‌ನ ಸರಳು, ಅಲಗಿನ ಇಬ್ಬದಿಗೂ ತೆಳ್ಳನೆಯ ಹಿತ್ತಾಳೆ ವಾಷರ್. ರಟ್ಟಿನಲ್ಲಿ ಮಾದರಿ ಕತ್ತರಿಸಿ, ಕೀಲಿಗೆ ಗುಂಡುಪಿನ್ನು ಚುಚ್ಚಿ, ಅಲಗಿನ ಬಾಯಿ ಮಡಚಿದಾಗ ಎಲ್ಲಿಯೂ ಇಣುಕುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಉಕ್ಕನ್ನು ಮುಟ್ಟಬೇಕು. ಕೀಲಿನ ರಂಧ್ರವನ್ನು ಅಲಗು ಗಡಸಾಗುವ ಮೊದಲೇ ಕೊರೆಯಬೇಕು. ಕೊನೆಯಲ್ಲಿ ರಿವೆಟ್ ಬಡಿಯುವಾಗ ಅಲಗಿನ ಪಕ್ಕಕ್ಕೆ ಒಂದು ಕಾಗದದ ಚೂರನ್ನು ಇಟ್ಟು ಬಡಿದು, ಬಳಿಕ ಅದನ್ನು ಎಳೆದುಹಾಕಿದರೆ ಅಲಗು ಓಡಾಡಲು ಬೇಕಾದಷ್ಟು ಜಾಗ ಉಳಿಯುತ್ತದೆ.

ಉಕ್ಕಿಗೆ ನಮ್ಮಲ್ಲಿ ಎರಡು ಸುಲಭದ ದಾರಿಗಳಿವೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟೆಯನ್ನು ಗುಜರಿಯಿಂದ ತರುವುದು ಹಳೆಯ ಪದ್ಧತಿ. ಊರ ಕಮ್ಮಾರರು ಮಚ್ಚು ಕತ್ತಿಗಳಿಗೆ ಅದನ್ನೇ ಬಳಸುತ್ತಾರೆ. ದೊಡ್ಡ ಕತ್ತಿಗೆ ಅದು ಸರಿ, ಆದರೆ ಇಂಗಾಲ 0.6 ಶೇಕಡಾದ ಸುಮಾರಿಗೆ ಇರುವುದರಿಂದ ಚಿಕ್ಕ ಅಲಗಿನ ಸೂಕ್ಷ್ಮ ಹರಿತಕ್ಕೆ ಸಾಲದು, ವರ್ಷಗಟ್ಟಲೆ ಭಾರ ಹೊತ್ತ ಪಟ್ಟೆಯಲ್ಲಿ ಕಾಣದ ಬಿರುಕುಗಳಿರುವುದೂ ಉಂಟು. ಬೇರಿಂಗ್‌ಗಳಿಗೆ ಬಳಸುವ ಇಎನ್31 ಉಕ್ಕನ್ನು ತಗಡಿನ ರೂಪದಲ್ಲಿ ಹೊಸದಾಗಿಯೇ ಕೊಳ್ಳುವುದು ಮೇಲು. ಸುಮಾರು ಒಂದು ಶೇಕಡಾ ಇಂಗಾಲ, ಒಂದಿಷ್ಟು ಕ್ರೋಮಿಯಂ ಇರುವ ಇದು ಎಣ್ಣೆಯಲ್ಲಿ ತಣಿದು ಗಡಸಾಗುತ್ತದೆ. ಕುಲುಮೆಯಲ್ಲಿ ಕಾಯಿಸುತ್ತ ಅಯಸ್ಕಾಂತ ತಾಗಿಸಿ ನೋಡುವುದು ಹವ್ಯಾಸಿಗಳ ರೂಢಿ: 770 ಡಿಗ್ರಿಯ ಸುಮಾರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅದಕ್ಕಿಂತ ಕೊಂಚ ಮೇಲಕ್ಕೆ ಏರಿಸಿ ಸ್ವಲ್ಪ ಹೊತ್ತು ನಿಲ್ಲಿಸಿ ಬೆಚ್ಚಗಿನ ಅಡುಗೆ ಎಣ್ಣೆಯಲ್ಲಿ ಅದ್ದಬೇಕು. ಎಣ್ಣೆ ಹೊತ್ತಿಕೊಳ್ಳಬಹುದಾದ್ದರಿಂದ ಲೋಹದ ಪಾತ್ರೆ, ಅದಕ್ಕೊಂದು ಮುಚ್ಚಳ, ಬಯಲು ಜಾಗ ಮೂರೂ ಬೇಕು. ಬಳಿಕ ಮನೆಯ ಓವನ್‌ನಲ್ಲಿ 200 ಡಿಗ್ರಿಯ ಸುಮಾರಿಗೆ ಎರಡೆರಡು ಗಂಟೆ ಎರಡು ಸಲ ಇಟ್ಟರೆ ಬಿರುಸು ಇಳಿದು ಅಲಗು ಹದಕ್ಕೆ ಬರುತ್ತದೆ. ತುಕ್ಕುನಿರೋಧಕ ಉಕ್ಕಿಗೆ ಬೇಕಾದ ಶಾಖವನ್ನು ಮನೆಯಲ್ಲಿ ನಿಭಾಯಿಸುವುದು ಕಷ್ಟ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಶಾಖಸಂಸ್ಕಾರ ಮಾಡಿಕೊಡುವ ಘಟಕಗಳಿವೆ, ಸಣ್ಣ ಪ್ರಮಾಣವನ್ನು ಒಪ್ಪುವರೇ ಎಂದು ಕೇಳಿ ನೋಡಬೇಕು.

ಗಡಸಾದ ಅಲಗನ್ನು ಗ್ರೈಂಡರ್ ಪಟ್ಟಿಯ ಮೇಲೆ ಉಜ್ಜುವವರು ಪ್ರತಿ ಸಲವೂ ನೀರಿನಲ್ಲಿ ಅದ್ದುತ್ತಿರಬೇಕು. ಬಾಯಿಯ ಅಂಚು ನೀಲಿಯಾಯಿತೆಂದರೆ ಅಲ್ಲಿನ ಹದ ಕೆಟ್ಟಂತೆ. ಅರವನ್ನು ಹಿಡಿದು ಕೈಯಲ್ಲಿಯೇ ಉಜ್ಜುವವರು ಆ ಕೆಲಸವನ್ನು ಗಡಸು ಮಾಡುವ ಮೊದಲೇ ಮುಗಿಸಿ, ಬಾಯಿಯಲ್ಲಿ ಅರ್ಧ ಮಿಲಿಮೀಟರಿನಷ್ಟು ದಪ್ಪ ಉಳಿಸಿಕೊಂಡರೆ ಯಂತ್ರದ ಅಗತ್ಯವೇ ಬೀಳುವುದಿಲ್ಲ. ಮೊದಲ ಚಾಕುವಿಗೆ ನಾನು ಸೂಚಿಸುವುದು ಈ ನಿಧಾನದ ದಾರಿಯನ್ನೇ.

ಸ್ಕ್ರೂಗಳಿಂದ ಕೂಡಿಸಿದ, ಒಳಪಟ್ಟಿಯ ಬೀಗವಿರುವ ಇಂದಿನ ಚಾಕುಗಳನ್ನು ಈ ಹೋಲಿಕೆಯಿಂದ ಹೊರಗಿಟ್ಟದ್ದಕ್ಕೆ ಓದುಗರು ಆಕ್ಷೇಪಿಸಬಹುದು. ಅವುಗಳನ್ನು ಬಿಚ್ಚುವುದು ಎಲ್ಲಕ್ಕಿಂತ ಸುಲಭ, ಸಣ್ಣ ಟಾರ್ಕ್ಸ್ ಸ್ಕ್ರೂಡ್ರೈವರ್ ಸಾಕು. ಹಿಡಿಯ ಹೊದಿಕೆಗಳೂ ಸಿದ್ಧವಾಗಿ ಸಿಗುತ್ತವೆ. ಆದರೆ ಅಲ್ಲಿ ತಿದ್ದುವುದೆಂದರೆ ಬಹುಮಟ್ಟಿಗೆ ಕೊಂಡು ತಂದ ಭಾಗವನ್ನು ಕೊಂಡು ತಂದ ಭಾಗದ ಜಾಗದಲ್ಲಿ ಕೂರಿಸುವುದು. ಅರ, ಸುತ್ತಿಗೆ, ಮಸೆಗಲ್ಲುಗಳ ಕೈವಾಡ ಬೇಕೆನ್ನುವವರಿಗೆ ಅದು ಬೇಗ ಬೇಸರ ತರುತ್ತದೆ.

ಕಾನೂನು ಮತ್ತು ಪ್ರಯಾಣ

ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆಬಳಕೆ, ಕೃಷಿ, ಕೈಗಾರಿಕೆಗಳಿಗಾಗಿ ಇರುವಂಥವನ್ನು ಹೊರತುಪಡಿಸಿದೆ. ಒಪಿನೆಲ್ 8ರ ಅಲಗು ಎಂಟೂವರೆ ಸೆಂಟಿಮೀಟರ್ ಮಾತ್ರ, ಉಳಿದೆರಡರ ಸಾಮಾನ್ಯ ಮಾದರಿಗಳೂ ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಎಲ್ಲೆಡೆ ಒಯ್ಯಬಹುದೆಂದಲ್ಲ: ನಿಷೇಧಾಜ್ಞೆ ಜಾರಿಯಲ್ಲಿರುವಾಗ ಚಿಕ್ಕ ಚಾಕುವೂ ತೊಂದರೆಗೆ ಕಾರಣವಾಗಬಹುದು, ವಿಮಾನದಲ್ಲಿ ಕೈಚೀಲದಲ್ಲಿ ಅವಕಾಶವೇ ಇಲ್ಲ, ಮೆಟ್ರೋ ನಿಲ್ದಾಣದ ತಪಾಸಣೆಯಲ್ಲಿಯೂ ತಡೆಯುತ್ತಾರೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಕೀಲಿನ ಪ್ರಶ್ನೆ ಕಾನೂನಿನ ಪ್ರಶ್ನೆಯೂ ಆಗಿಬಿಡುತ್ತದೆ. ಬ್ರಿಟನ್ನಿನಲ್ಲಿ ಕಾರಣ ಹೇಳದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದದ್ದು ಬಾಯಿಯ ಉದ್ದ 3 ಇಂಚಿಗೆ ಮೀರದ, ಬೀಗವಿಲ್ಲದ ಮಡಚು ಚಾಕು ಮಾತ್ರ. ವಿಕ್ಟೋರಿನಾಕ್ಸ್ ಸ್ಪಾರ್ಟನ್ ಇದರೊಳಗೆ ಬರುತ್ತದೆ, ಬಳೆಯಿರುವ ಒಪಿನೆಲ್ ಬರುವುದಿಲ್ಲ, ಬಳೆಯಿಲ್ಲದ 5ನೆಯ ಸಂಖ್ಯೆ ಬರುತ್ತದೆ. ಗುಂಡಿ ಒತ್ತಿದೊಡನೆ ಚಿಮ್ಮುವ ಚಾಕುವಿನ ಮಾರಾಟಕ್ಕೆ ಅಲ್ಲಿ 1959ರಿಂದಲೇ ನಿಷೇಧವಿದೆ. ಜಪಾನಿನಲ್ಲಿ 6 ಸೆಂಟಿಮೀಟರ್ ಮೀರಿದ ಅಲಗನ್ನು ಸಕಾರಣವಿಲ್ಲದೆ ಒಯ್ಯುವುದು ಅಪರಾಧ; ಬೀಗವಿಲ್ಲದ ಸಣ್ಣ ಮಡಚು ಚಾಕುಗಳಿಗೆ 8 ಸೆಂಟಿಮೀಟರ್‌ವರೆಗೆ ಸಡಿಲಿಕೆಯಿದ್ದರೂ ಅಲ್ಲಿಂದ ಹಿಗೊನೊಕಾಮಿ ಕೊಂಡುತರುವವರು ಅದನ್ನು ಅಂಗಡಿಯವರು ಕಟ್ಟಿಕೊಟ್ಟ ಹಾಗೆಯೇ ರಸೀದಿಯೊಂದಿಗೆ ಪೆಟ್ಟಿಗೆಯ ತಳದಲ್ಲಿಟ್ಟು, ವಿಮಾನದಲ್ಲಿ ಸರಕಿನ ಜೊತೆ ಕಳುಹಿಸುವುದು ಸುರಕ್ಷಿತ.